ಶಾಲು ಬಿಟ್ಟು ಕೂಲಿ ಕೊಟ್ಟೆವು: ಅಕ್ಕಡಿ ಬೀಜದ ನನ್ನ ಅನುಭವ

"ಮುದುಕಿಯರನ್ನ ಕಟ್ಕೊಂಡು ಬೀಜದ ಬ್ಯಾಂಕ್ ಮಾಡ್ತೀಯಾ" ಅಂತ ನಕ್ಕವರೇ ಈ ಸಲ ಮುಂಗಾರಿಗೆ ಮೊದಲು ಅವರೆ, ಹುಚ್ಚೆಳ್ಳು ಕೇಳಿಕೊಂಡು ಬಂದರು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಮಧುಗಿರಿ ಕಡೆಯ, ಮಳೆ ನಂಬಿದ ಖುಷ್ಕಿ ಊರು. ಅಕ್ಕಡಿ ಅಂದರೆ ರಾಗಿ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನಂಥ ಬೇರೆ ಬೆಳೆಯ ಸಾಲು.

ಮೊದಲ ವರ್ಷ ದುಡ್ಡು ಹೋದದ್ದು ಬೀಜ ಬಲ್ಲ ಅಜ್ಜಿಯರ ಸನ್ಮಾನಕ್ಕೆ. ಶಾಮಿಯಾನ, ಫ್ಲೆಕ್ಸ್, ಶಾಲು, ಹಾರ, ಚಿತ್ರಾನ್ನ ಎಲ್ಲ ಸೇರಿ ಎಂಟೊಂಬತ್ತು ಸಾವಿರ. ಮಾರನೇ ದಿನ ಬೀಜ ಆರಿಸಲು ಒಬ್ಬರೂ ಬರಲಿಲ್ಲ. ಯಾಕೆ ಬರಬೇಕು ಹೇಳಿ? ಮನೇಲಿ ಮೊಮ್ಮಕ್ಕಳು, ಹೊರಗೆ ಕುರಿ.

ಉದ್ಯೋಗ ಖಾತ್ರಿಯಲ್ಲಿ 60 ದಾಟಿದವರಿಗೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಅಂತ ಇತ್ತಲ್ಲ, ಅದೇ ಲೆಕ್ಕ ಹಿಡಿದೆವು. ಬಿಸಿಲೇರುವ ಮುಂಚೆ ಮೂರು ಗಂಟೆ, ಇನ್ನೂರು ರೂಪಾಯಿ, ಕಾಫಿ ತಿಂಡಿ. ದುಡ್ಡು ಅವತ್ತೇ, ಮಗನ ಕೈಗಲ್ಲ, ಅಜ್ಜಿ ಕೈಗೆ. ರಿಜಿಸ್ಟರ್‌ಗೆ ಹೆಬ್ಬೆಟ್ಟು ಅಂದಾಗ ಮಾತ್ರ ಎಲ್ಲ ಹಿಂದೆ ಸರಿದರು, ಸಂಧ್ಯಾ ಸುರಕ್ಷಾದ 1200 ನಿಂತುಹೋಗುತ್ತೆ ಅಂತ ಹೆದರಿಕೆ. ಒಬ್ಬರು ಧೈರ್ಯ ಮಾಡಿ ಹಾಕಿ, ಮುಂದಿನ ತಿಂಗಳೂ ಪಿಂಚಣಿ ಬಂದ ಮೇಲೆ ಉಳಿದವರು ಹಾಕಿದರು.

ಒಂದು ಸಂಸ್ಥೆಯವರು ಕೊಟ್ಟ ನೀಲಿ ಡ್ರಮ್ಮಿಗೆ ಅವರೆ, ತೊಗರಿ ತುಂಬಿದ್ದೆವು. ಮೂರ್ನಾಲ್ಕು ತಿಂಗಳಿಗೆ ಮುಚ್ಚಳ ತೆಗೆದರೆ ತಳದಲ್ಲಿ ಹಿಟ್ಟು, ಕಾಳಿಗೆ ಎರಡೆರಡು ತೂತು. "ಡ್ರಮ್ಮಲ್ಲಿ ಕಾಳು ಬೆವರ್ತದೆ ಕಣಪ್ಪಾ, ನನ್ನ ಕೇಳಿದ್ಯಾ ನೀನು?" ಎಂದರು ಅವರಲ್ಲೊಬ್ಬ ಅಜ್ಜಿ. ಅವರದ್ದು ತೊಗರಿಗೆ ಕೆಮ್ಮಣ್ಣು. ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ ಕಾಳಿಗೆಲ್ಲ ಹತ್ತುವ ಹಾಗೆ ಉಜ್ಜಬೇಕು. ಗಟ್ಟಿಯಾದರೆ ಒಣಗಿದ ಮೇಲೆ ಹಕ್ಕಳೆ ಏಳುತ್ತದೆ. ಅವರೆಗೆ ಬೂದಿ ಬೆರೆಸಿ, ಮಡಕೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತುವುದು. ಒಣಗಿಸುವುದು ಅಮಾವಾಸ್ಯೆ ದಿನವೇ ಆಗಬೇಕಂತೆ. ನಾನು ಸುಮ್ನೆ ಒಂದು ಮಡಕೆಯದ್ದು ಹುಣ್ಣಿಮೆಗೆ ಒಣಗಿಸಿ ನೋಡಿದೆ, ಅಂಥ ವ್ಯತ್ಯಾಸ ಕಾಣಲಿಲ್ಲ. ಅಜ್ಜಿಗೆ ಹೇಳಿಲ್ಲ. ಮಡಕೆ ತಳಕ್ಕೆ ಇನ್ನೊಂದು ಸೊಪ್ಪು ಹಾಕುತ್ತಾರೆ, ಯಾವುದು ಅಂತ ಇಲ್ಲಿ ಬರೆಯಲ್ಲ, ಊರಿಗೆ ಬನ್ನಿ.

ಸಡ್ಡೆ, ಅಂದರೆ ಬಿತ್ತುವ ಕೂರಿಗೆಯ ಹಿಂದೆ ಅಕ್ಕಡಿ ಕಾಳು ಬಿಡುವ ಕೊಳವೆ, ಹಿಡಿಯಲು ಬರುವುದೂ ಈ ಅಜ್ಜಿಯರಿಗೇ. ಟ್ರಾಕ್ಟರ್ ಕಲ್ಟಿವೇಟರಿಗೆ ಪಿವಿಸಿ ಪೈಪ್ ಕಟ್ಟಿ ಬಿಟ್ಟೆವು, ಕಾಳು ಒಂದು ಕಡೆ ರಾಶಿ, ಇನ್ನೊಂದು ಕಡೆ ಬಯಲು, ಬಾಡಿಗೆ ದಂಡ. ಈಗ ಎತ್ತಿನ ಕೂರಿಗೆಯೇ. ಅರ್ಧ ಎಕರೆ ಆದ ಮೇಲೆ ಅಜ್ಜಿ ಸಡ್ಡೆಯನ್ನು ಸೊಸೆ ಕೈಗೆ ಕೊಟ್ಟು, ಬದುವಿನಲ್ಲಿ ಕೂತು ಬೈಯುತ್ತಾರೆ. ತರಬೇತಿ ಅಂದರೆ ಅಷ್ಟೇ.

ಸೇರು ಒಯ್ದರೆ ಎರಡು ಸೇರು ವಾಪಸ್. ಸುಮಾರು ಇಪ್ಪತ್ತು ಮನೆಗೆ ಬೀಜ ಹೋಗಿದೆ. ವರ್ಷಕ್ಕೆ ಕೂಲಿ ಮೂವತ್ತು ಸಾವಿರದ ಆಸುಪಾಸು, ಮಿಕ್ಕ ಕಾಳು ಮಾರಿ ಅರ್ಧಕ್ಕಿಂತ ಜಾಸ್ತಿ ಬಂತು. ಉಳಿದದ್ದಕ್ಕೆ ಅನುದಾನ ಕೇಳಿದರೆ, ಅರ್ಜಿಯಲ್ಲಿ ಯುವಕರೆಷ್ಟು ಅಂತ ಕಾಲಂ ಇದೆ, ಅರವತ್ತು ದಾಟಿದವರಿಗೆ ಕಾಲಂ ಇಲ್ಲ. ಸದ್ಯಕ್ಕೆ ನಮ್ಮ ಜೇಬೇ.