ನಿಮ್ಮ ಲೆನ್ಸ್ ಎಷ್ಟು ಶಾರ್ಪ್? ಮನೆಯ ಗೋಡೆಯ ಮೇಲೇ ಅಳೆಯಿರಿ

ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ ಬಳ್ಳಾರಿಯ ಕೋಟೆ ಗುಡ್ಡವನ್ನು ದೂರದ ಮಾಳಿಗೆಯೊಂದರಿಂದ 200 ಎಂಎಂ ಲೆನ್ಸ್‌ನಲ್ಲಿ ತೆಗೆದೆ. ಕೋಟೆ ಗೋಡೆಯ ಅಂಚು ನೀರಿನಲ್ಲಿ ಕಂಡಂತೆ ಕದಡಿತ್ತು. ಲೆನ್ಸ್ ಕೆಟ್ಟಿತು ಅಂದುಕೊಂಡು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಅಲ್ಲಿಂದಲೇ ತೆಗೆದರೆ ಕಲ್ಲಿನ ಸಂದುಗಳೂ ಎಣಿಸುವ ಹಾಗೆ ಕಂಡವು. ನಡುವಿನ ಬಿಸಿಗಾಳಿ ಲೆನ್ಸ್‌ಗೆ ಕೆಟ್ಟ ಹೆಸರು ತಂದಿತ್ತು. ಲೆನ್ಸ್ ಅಳೆಯುವುದಾದರೆ ಮನೆಯೊಳಗೇ ಅಳೆಯಬೇಕು ಅಂತ ಅವತ್ತು ಗೊತ್ತಾಯಿತು.

ಏನನ್ನು ಅಳೆಯುವುದು? ಮೊದಲೆಲ್ಲ ಗೆರೆಗಳನ್ನು ನೋಡುತ್ತಿದ್ದರು. ಅಮೆರಿಕದ ವಾಯುಪಡೆಯ 1951ರ ಚಾರ್ಟ್‌ನಲ್ಲಿ ಮೂರು ಮೂರು ಪಟ್ಟಿಗಳ ಗುಂಪುಗಳಿವೆ. ಪ್ರತಿ ಆರು ಹೆಜ್ಜೆಗೆ ಪಟ್ಟಿಯ ಅಗಲ ಅರ್ಧವಾಗುತ್ತದೆ. ಮೂರೂ ಬೇರೆ ಬೇರೆ ಕಾಣುವ ಕೊನೆಯ ಗುಂಪೇ ಲೆನ್ಸ್‌ನ ಮಿತಿ. ಆದರೆ ನಿಮಗೆ ಕಂಡ ಪಟ್ಟಿ ನನಗೆ ಕಾಣಬೇಕಲ್ವಾ? ಕಣ್ಣು ಬದಲಾದರೆ ಅಂಕಿಯೂ ಬದಲಾಗುತ್ತದೆ. ಅಲ್ಲದೆ ಬರೀ ಮಿತಿ ತಿಳಿದರೆ ಸಾಲದು, ಅಲ್ಲಿಗೆ ಹೋಗುವಷ್ಟರಲ್ಲಿ ಕಪ್ಪು ಬಿಳುಪು ಎಷ್ಟು ಮಂಕಾಯಿತು ಅನ್ನುವುದೂ ಬೇಕು.

ಉದಾಹರಣೆಗೆ, ಚಿತ್ರದಲ್ಲಿ ದಪ್ಪ ಗೆರೆಯ ಹೊಳಪು ಅಳೆದಾಗ ಬಿಳುಪು 200, ಕಪ್ಪು 40 ಬಂತು ಅನ್ನಿ. ವ್ಯತ್ಯಾಸ 160, ಮೊತ್ತ 240. ಭಾಗಿಸಿದರೆ 0.67. ಸಣ್ಣ ಗೆರೆಯಲ್ಲಿ 140 ಮತ್ತು 100 ಬಂದರೆ ಅದೇ ಲೆಕ್ಕದಲ್ಲಿ 0.17. ಅಂದರೆ ಕಾಂಟ್ರಾಸ್ಟ್ ಕಾಲು ಭಾಗಕ್ಕೆ ಇಳಿದಿದೆ. ಗೆರೆ ಸಣ್ಣದಾಗುತ್ತಾ ಹೋದಂತೆ ಈ ಇಳಿತವನ್ನು ತೋರಿಸುವುದೇ ಎಂಟಿಎಫ್ (ಮಾಡ್ಯುಲೇಷನ್ ಟ್ರಾನ್ಸ್‌ಫರ್ ಫಂಕ್ಷನ್). ಕಾಂಟ್ರಾಸ್ಟ್ ಅರ್ಧಕ್ಕೆ ಇಳಿಯುವ ಜಾಗ ಎಂಟಿಎಫ್ 50. ಆ ಜಾಗದಲ್ಲಿ ಗೆರೆಗಳು ಎಷ್ಟು ಒತ್ತಾಗಿವೆ ಅನ್ನುವ ಅಂಕಿ ದೊಡ್ಡದಿದ್ದಷ್ಟೂ ಚಿತ್ರ ಶಾರ್ಪ್.

ಇದನ್ನು ಕಣ್ಣಿನ ಹಂಗಿಲ್ಲದೆ ಅಳೆಯುವ ದಾರಿಯೊಂದು 2000ದಲ್ಲಿ ಬಂದ ಐಎಸ್‌ಒ 12233 ಮಾನದಂಡದಲ್ಲಿದೆ. ಬೇಕಾದ್ದು ಒಂದು ಕಪ್ಪು ಅಂಚು, ಅದೂ ಸುಮಾರು 5 ಡಿಗ್ರಿ ವಾಲಿದ್ದು. ನೆಟ್ಟಗಿದ್ದರೆ ಎಲ್ಲ ಸಾಲಿನ ಪಿಕ್ಸೆಲ್‌ಗಳಿಗೂ ಅಂಚು ಒಂದೇ ಕಡೆ ಸಿಗುತ್ತದೆ. ವಾಲಿದ್ದರೆ ಒಂದೊಂದು ಸಾಲಿಗೆ ಚೂರು ಚೂರು ಸರಿದು ಸಿಗುತ್ತದೆ. ಅವನ್ನೆಲ್ಲ ಒಟ್ಟು ಸೇರಿಸಿದರೆ, ಕಪ್ಪು ಬಿಳುಪಾಗುವ ಬಗೆ ಒಂದು ಪಿಕ್ಸೆಲ್‌ಗಿಂತಲೂ ಸೂಕ್ಷ್ಮವಾಗಿ ತಿಳಿಯುತ್ತದೆ. ಅದರಿಂದಲೇ ಎಂಟಿಎಫ್ ಲೆಕ್ಕ ಸಿಗುತ್ತದೆ. ಎಷ್ಟು ಸರಳ, ಎಷ್ಟು ಚೆಂದ!

ಈಗ ಕೆಲಸ. ಲೇಸರ್ ಪ್ರಿಂಟರ್‌ನಲ್ಲಿ ದೊಡ್ಡ ಕಪ್ಪು ಚೌಕ ಪ್ರಿಂಟ್ ಮಾಡಿಸಿ. ಇಂಕ್‌ಜೆಟ್ ಬೇಡ, ಅಂಚಿನಲ್ಲಿ ಮಸಿ ಹರಡುತ್ತದೆ. ಸ್ವಲ್ಪ ವಾಲಿಸಿ ಗೋಡೆಗೆ ಅಂಟಿಸಿ. 50 ಎಂಎಂ ಲೆನ್ಸ್ ಆದರೆ ಎರಡೂವರೆ ಮೀಟರ್ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿ. ಎರಡೂ ಬದಿಯಿಂದ ಸಮನಾಗಿ ಬೆಳಕು ಬೀಳಲಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕ್ಯಾಮೆರಾ ಗೋಡೆಗೆ ನೇರವಾಗಿರಬೇಕು. ಚೌಕದ ಪಕ್ಕ ಗೋಡೆಗೆ ಚಪ್ಪಟೆಯಾಗಿ ಒಂದು ಸಣ್ಣ ಕನ್ನಡಿ ಅಂಟಿಸಿ, ಅದು ಚಿತ್ರದ ನಡುವಿಗೆ ಬರುವಂತೆ ಟ್ರೈಪಾಡ್ ಸರಿಸಿ. ಕನ್ನಡಿಯಲ್ಲಿ ನಿಮ್ಮ ಲೆನ್ಸ್‌ನ ಕಪ್ಪು ಬಾಯಿ ಚಿತ್ರದ ನಟ್ಟನಡುವೆ ಕಂಡರೆ ನೇರ ಬಂತು. ಚೂರು ಓರೆಯಾದರೂ ಒಂದು ಬದಿ ಮಂಕಾಗಿ, ಸುಮ್ನೆ ಲೆನ್ಸ್‌ನ ಮೇಲೆ ತಪ್ಪು ಬೀಳುತ್ತದೆ.

ಸೆಕೆ ಎಷ್ಟಿದ್ದರೂ ಫ್ಯಾನ್ ಆಫ್ ಮಾಡಿ, ಕಾಗದ ಅಲುಗುತ್ತದೆ. ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ ಐಎಸ್‌ಒ 100 ಇಡಿ, ಎರಡು ಸೆಕೆಂಡ್ ಟೈಮರ್ ಹಾಕಿ, ಕೈ ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಆಫ್ ಮಾಡಿ. ರಾ ಫೈಲ್‌ನಲ್ಲೇ ತೆಗೆಯಿರಿ, ಜೆಪೆಗ್‌ನಲ್ಲಿ ಕ್ಯಾಮೆರಾ ತಾನೇ ಅಂಚು ತಿದ್ದಿರುತ್ತದೆ. ಪ್ರತಿ ಅಪರ್ಚರ್‌ಗೂ (ಲೆನ್ಸ್‌ನಲ್ಲಿ ಬೆಳಕು ಬರುವ ರಂಧ್ರದ ಅಳತೆ) ಹೊಸದಾಗಿ ಫೋಕಸ್ ಮಾಡಿ ಮೂರು ಚಿತ್ರ ತೆಗೆದು, ಒಳ್ಳೆಯದನ್ನು ಇಟ್ಟುಕೊಳ್ಳಿ. ಚೌಕವನ್ನು ಚಿತ್ರದ ಮೂಲೆಗೂ ಸರಿಸಿ ತೆಗೆಯಿರಿ. ಎಂಟಿಎಫ್ ಮ್ಯಾಪರ್ ಅನ್ನುವ ಉಚಿತ ತಂತ್ರಾಂಶಕ್ಕೆ ಫೈಲ್ ಕೊಟ್ಟರೆ ಅಂಕಿ ಬರುತ್ತದೆ. ಎಫ್/16ಕ್ಕೆ ಬಂದಾಗ ಅಂಕಿ ಬಿದ್ದರೆ ಗಾಬರಿ ಬೇಡ. ಸಣ್ಣ ರಂಧ್ರದಲ್ಲಿ ಬೆಳಕು ಚದುರುವುದು ಎಲ್ಲ ಲೆನ್ಸ್‌ಗೂ ಇದ್ದದ್ದೇ. ದೂರ, ಅಪರ್ಚರ್, ಕ್ಯಾಮೆರಾ ಮೂರನ್ನೂ ಅಂಕಿಯ ಪಕ್ಕದಲ್ಲೇ ಬರೆದಿಡಿ. ಅವಿಲ್ಲದಿದ್ದರೆ ಎರಡು ಅಂಕಿ ಹೋಲಿಸಲು ಬರುವುದಿಲ್ಲ.

ಮೊಬೈಲ್ ಕ್ಯಾಮೆರಾಕ್ಕೆ ಅಂಚು ಒಂದೇ ಸಾಲದು. ಫೋನ್‌ಗಳು ಅಂಚನ್ನು ಜಾಸ್ತಿ ತಿದ್ದಿ, ಉಳಿದ ಜಾಗದ ಕಾಳಿನಂಥ ಚುಕ್ಕೆಗಳ (ನಾಯ್ಸ್) ಜೊತೆ ಸಣ್ಣ ವಿವರವನ್ನೂ ಒರೆಸಿಬಿಡುತ್ತವೆ. ಅಂಕಿ ಚೆನ್ನಾಗಿ ಬರುತ್ತದೆ, ಬಟ್ಟೆಯ ನೇಯ್ಗೆ ಮಾಯವಾಗಿರುತ್ತದೆ. ಇದನ್ನು ಹಿಡಿಯಲೆಂದೇ ಒಂದರ ಮೇಲೊಂದು ಬಿದ್ದ ವೃತ್ತಗಳ 'ಡೆಡ್ ಲೀವ್ಸ್' ಚಾರ್ಟ್ ಬಳಸುತ್ತಾರೆ. ಆದರೆ ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಪರೀಕ್ಷೆಗೆ ತುಂಡು ಬಟ್ಟೆಗೇನು ಬರ? ಒಂದು ಡೆನಿಮ್ ತುಂಡನ್ನು ಚೌಕದ ಪಕ್ಕ ಅಂಟಿಸಿ, ಹಗಲಲ್ಲೊಮ್ಮೆ, ಸಂಜೆ ಮಬ್ಬಿನಲ್ಲೊಮ್ಮೆ ಫೋನಲ್ಲಿ ತೆಗೆಯಿರಿ. ಎರಡನ್ನೂ ದೊಡ್ಡದು ಮಾಡಿ, ನೀಲಿ ನೂಲಿನ ಓರೆ ಗೆರೆಗಳು ಸಂಜೆಯ ಚಿತ್ರದಲ್ಲೂ ಉಳಿದಿವೆಯಾ ನೋಡಿ.