ಗೌರಿ ಸುತ್ತಿಕೊಂಡು ಬಂದ ದಾರಿ

ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಆಷಾಢದ ಮಳೆಗೆ ಸಿಲ್ವರ್ ಓಕ್ ಮರವೊಂದು ಬಿದ್ದು ಕೊಟ್ಟಿಗೆಯ ದಾರಿ ಮುಚ್ಚಿಹೋಯಿತು. ಸಂಜೆ ಮೇಯ್ದು ಬಂದ ನಮ್ಮ ಹಸು ಗೌರಿ ಮರದ ಮುಂದೆ ನಿಂತಳು, ಕೊಂಬೆ ಮೂಸಿದಳು, ಹಿಂದೆ ತಿರುಗಿ ಕಾಫಿ ಕಣದ ಆಚೆಯಿಂದ ಸುತ್ತಿಕೊಂಡು ಬಂದಳು. ಆ ಕಡೆಯಿಂದ ಅವಳು ಮನೆಗೆ ಬಂದದ್ದನ್ನು ನಾನು ನೋಡೇ ಇರಲಿಲ್ಲ. ಮೇಯುವಾಗ ಅಲ್ಲಿ ಸುಮ್ನೆ ಅಡ್ಡಾಡಿರಬೇಕು, ಅಲ್ವಾ? ಹಾಗೆ ಅಡ್ಡಾಡುವಾಗಲೇ ಇಲಿಯ ತಲೆಯಲ್ಲಿ ಒಂದು ನಕ್ಷೆ ಮೂಡುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್ 1948ರಲ್ಲೇ ಬರೆದಿದ್ದರು. 1971ರಲ್ಲಿ ಮೆದುಳು ವಿಜ್ಞಾನಿ ಜಾನ್ ಓಕೀಫ್ ಇಲಿಯ ಮೆದುಳಿನಲ್ಲಿ ಜಾಗ ಗುರುತಿಸುವ ಕೋಶಗಳನ್ನು ಕಂಡರು. ಅದಕ್ಕೆ 2014ರಲ್ಲಿ ನೊಬೆಲ್ ಬಂತು.

ಅವತ್ತೇ ರಾತ್ರಿ ಕಂಪ್ಯೂಟರಿನಲ್ಲಿ, ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ 20ಕ್ಕೆ 20 ಚೌಕದ ತೋಟ ಮಾಡಿ ಒಂದು ಇಲಿ ಬಿಟ್ಟೆ. ಮೊದಲು ಕ್ಯೂ-ಲರ್ನಿಂಗ್, ಅಂದ್ರೆ ಮಾಡಿ ನೋಡಿ ಲಾಭದಿಂದ ಕಲಿಯುವ ಬಗೆ. ಯಾವ ಚೌಕದಲ್ಲಿ ಎತ್ತ ತಿರುಗಿದರೆ ಲಾಭ, ಅಷ್ಟೇ ಅದರ ನೆನಪು. ದಾರಿಗೆ ಗೋಡೆ ಹಾಕಿದೆ ನೋಡಿ, ಪಾಪ, ಅಲ್ಲೇ ಹಾಯುತ್ತಾ ನಿಂತಿತು.

ಎರಡನೇ ಇಲಿಗೆ ಯಾವ ಚೌಕದ ಪಕ್ಕ ಯಾವುದಿದೆ ಅನ್ನೋ ನಕ್ಷೆ ಕೊಟ್ಟೆ. ಅದು ಗೋಡೆಯನ್ನೇ ತೂರಿಕೊಂಡು ಹೋಯಿತು! ನಡೆದ ದಾರಿಯ ಚಿತ್ರ ಬರೆಸಿದಾಗ ತಪ್ಪು ಸಿಕ್ಕಿತು. ಎರಡು ಚೌಕದ ನಡುವಿನ ಕೊಂಡಿಯನ್ನು ಒಂದು ಕಡೆಯಿಂದ ಮಾತ್ರ ಕತ್ತರಿಸಿದ್ದೆ. ಆಚೆಯಿಂದ ಬರೋಕೆ ಬಾಗಿಲು ತೆರೆದೇ ಇತ್ತು. ಎರಡೂ ಕಡೆ ಕತ್ತರಿಸಿದ ಮೇಲೆ ಗೋಡೆಗೆ ಒಮ್ಮೆ ಮೂಗು ತಾಗಿದ್ದೇ ತಡ, ಗೌರಿಯ ಹಾಗೇ ತಿರುಗಿತು. ನನಗೆ ಕಣ್ಣು ತುಂಬಿ ಬಂತು.

ಮೂರನೆಯದು ನನಗೆ ತುಂಬಾ ಇಷ್ಟ. ಮೆದುಳು ಹೇಗೆ ಕಲಿಯುತ್ತದೆ ಅನ್ನೋದನ್ನು ಗಣಿತದಲ್ಲಿ ಹುಡುಕುವ ವಿಜ್ಞಾನಿ ಪೀಟರ್ ಡಯಾನ್ 1993ರಲ್ಲಿ ಕೊಟ್ಟ ಲೆಕ್ಕ. ಇಲ್ಲಿಂದ ಹೊರಟರೆ ಮುಂದೆ ಎಲ್ಲೆಲ್ಲಿಗೆ ಹೋಗಿರ್ತೀನಿ ಅನ್ನೋದನ್ನು ಇಲಿ ಒಟ್ಟಾಗಿ ನೆನಪಿಡುತ್ತದೆ. ಮೇವಿನ ಜಾಗ ಬದಲಿಸಿದರೆ ಕೂಡಲೇ ಹೊಂದಿಕೊಳ್ಳುತ್ತದೆ. ಗೋಡೆ ಹಾಕಿದರೆ ಮಾತ್ರ ಎಡವುತ್ತದೆ, ಯಾಕಂದ್ರೆ ಹಳೇ ದಾರಿಗಳೆಲ್ಲ ಆ ಲೆಕ್ಕದೊಳಗೆ ಬೆರೆತಿರುತ್ತವೆ. ಪ್ರಾಣಿಗಳು ಈ ಎರಡು ಮತ್ತು ಮೂರನೇ ಬಗೆಯನ್ನು ಬೆರೆಸಿಯೇ ನಡೆಯುತ್ತವೆ ಅಂತ ನನಗನ್ನಿಸುತ್ತದೆ.

ಆಮೇಲೆ ಮರ ಕಡಿಸಿ ತೆಗೆಸಿದೆವು. ಗೌರಿ ಎರಡು ದಿನ ಸುತ್ತಿಕೊಂಡೇ ಬಂದಳು. ಮೂರನೇ ಸಂಜೆ ಹಳೇ ದಾರಿಯ ತಿರುವಿನಲ್ಲಿ ನಿಂತು ಇಣುಕಿ ನೋಡಿ, ನೇರ ಬಂದಳು. ನನ್ನ ನಕ್ಷೆಯ ಇಲಿಗೆ ಈ ಇಣುಕಿ ನೋಡೋದು ಗೊತ್ತಿಲ್ಲ. ಒಮ್ಮೆ ಕತ್ತರಿಸಿದ ಕೊಂಡಿಯ ಕಡೆ ಅದು ಮತ್ತೆ ತಲೆ ಹಾಕುವುದಿಲ್ಲ. ಈಗ ಅದನ್ನು ಕಲಿಸುತ್ತಾ ಕೂತಿದ್ದೇನೆ.