ಕೊಟ್ಟಿಗೆಯಿಂದ ಎದ್ದ ಯೆಜ್ಡಿಯನ್ನು ಮಾರುವುದು ಹೇಗೆ?

ನಮ್ಮ ಸೋದರಮಾವನ ಯೆಜ್ಡಿ ರೋಡ್‌ಕಿಂಗ್ ಬೈಕ್ ಹನ್ನೆರಡು ವರ್ಷ ಕೊಟ್ಟಿಗೆಯ ಮೂಲೆಯಲ್ಲಿತ್ತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಅದನ್ನು ಎಬ್ಬಿಸಿ ಓಡಿಸಲು ನನಗೆ ಏಳು ತಿಂಗಳು ಹಿಡಿಯಿತು. ಮಾರಲು ಇನ್ನೂ ಐದು ತಿಂಗಳು! ಎಂಜಿನ್‌ಗಿಂತ ಕಾಗದಕ್ಕೇ ಜಾಸ್ತಿ ಓಡಾಡಿದೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಆರ್‌ಸಿ

ಆರ್‌ಸಿ, ಅಂದರೆ ನೋಂದಣಿ ಪತ್ರ, ಯಾರ ಹೆಸರಲ್ಲಿದೆ ನೋಡಿ. ಮಾಲೀಕರು ತೀರಿಕೊಂಡಿದ್ದರೆ ಫಾರಂ 31 ಕೊಟ್ಟು ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. 15 ವರ್ಷ ದಾಟಿದ ಬೈಕಿನ ನೋಂದಣಿಯನ್ನು ಫಾರಂ 25ರಲ್ಲಿ ಅರ್ಜಿ ಹಾಕಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಸಿರು ತೆರಿಗೆ ಬೇರೆ. ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ.

ನವೀಕರಣಕ್ಕೆ ಬೈಕನ್ನೇ ಆರ್‌ಟಿಒಗೆ ಒಯ್ದು ತೋರಿಸಬೇಕು. ಅಲ್ಲಿ ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಆರ್‌ಸಿ ಜೊತೆ ತಾಳೆ ನೋಡುತ್ತಾರೆ. ನಾನು ಸಿಕ್ಕಿಬಿದ್ದದ್ದು ಇಲ್ಲೇ. ಚಾಸಿಗೆ ಪೌಡರ್ ಕೋಟಿಂಗ್ ಮಾಡಿದವರು ನಂಬರಿನ ಮೇಲೂ ದಪ್ಪಗೆ ಬಳಿದುಬಿಟ್ಟಿದ್ದರು. ಒಂದು ಅಂಕಿಯೂ ಕಾಣುತ್ತಿರಲಿಲ್ಲ. ವಾಪಸ್ ತಂದು, ಪೇಂಟ್ ರಿಮೂವರ್ ಹಚ್ಚಿ ಕೆರೆದು, ಇನ್ನೊಂದು ದಿನ ಹೋಗಬೇಕಾಯಿತು. ನೀವು ಕೋಟಿಂಗ್‌ಗೆ ಕೊಡುವ ಮೊದಲೇ ಆ ಜಾಗಕ್ಕೆ ಟೇಪ್ ಅಂಟಿಸಿ. ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚನ್ನೂ ತೆಗೆದಿಟ್ಟುಕೊಳ್ಳಿ.

‘ವಿಂಟೇಜ್’ ಅನ್ನುವ ಮೊದಲು

2021ರಿಂದ ಈ ಪದಕ್ಕೆ ಕಾನೂನಿನ ಅರ್ಥವಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು. ಆಗ ‘ವಿಎ’ ಸರಣಿಯ ನಂಬರ್ ಪಡೆಯಬಹುದು. ಆದರೆ ಆ ಬೈಕನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬೇಕು. ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೆ ಹೋಗಬೇಕು ಅನ್ನುವ ಗಿರಾಕಿಗೆ ಅದು ಬೇಡ. ಮಾರುವುದೇ ಉದ್ದೇಶವಾದರೆ ಮಾಮೂಲಿ ನೋಂದಣಿಯೇ ವಾಸಿ ಅಂತ ನನ್ನ ಲೆಕ್ಕ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ‘ಜಾವಾ’ ಬೈಕ್ ತಯಾರಾಗುತ್ತಿತ್ತು. ‘ಯೆಜ್ಡಿ’ ಹೆಸರು ಬಂದದ್ದು 1973ರ ಹೊತ್ತಿಗೆ. 1996ರಲ್ಲಿ ಬಾಗಿಲು ಮುಚ್ಚಿತು. 80ರ ದಶಕದ ಯೆಜ್ಡಿಗೆ ಜಾವಾ ಬ್ಯಾಡ್ಜ್ ಹಾಕಿ ಬೆಲೆ ಏರಿಸುವವರಿದ್ದಾರೆ. ಗೊತ್ತಿರುವವರು ಮೊದಲು ನೋಡುವುದು ಆರ್‌ಸಿಯಲ್ಲಿರುವ ವರ್ಷವನ್ನೇ.

ಎಂಜಿನ್ ಮಾತಾಡಲಿ

ಗಿರಾಕಿ ಬರುವ ಮೊದಲೇ ಬೈಕ್ ಬಿಸಿ ಮಾಡಿಡಬೇಡಿ, ಅನುಮಾನ ಬರುತ್ತದೆ. ತಣ್ಣಗಿದ್ದಾಗ ಎಷ್ಟು ಕಿಕ್ಕಿಗೆ ಹತ್ತುತ್ತದೆ ಅಂತ ಅವರ ಕಣ್ಣೆದುರೇ ತೋರಿಸಿ. ಇದು ಟೂ ಸ್ಟ್ರೋಕ್, ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯುತ್ತದೆ, ಮೊದಲಿಗೆ ಹೊಗೆ ಬಂದೇ ಬರುತ್ತದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕ್ ಆಯಿಲ್ ಸೀಲ್ ನೋಡಿಸಿ. ಅದು ಹೋಗಿದ್ದರೆ ಗೇರ್ ಆಯಿಲ್ ಒಳಕ್ಕೆ ಎಳೆದು ಸುಡುತ್ತಿರುತ್ತದೆ. ನಾನು ಲೀಟರ್ ಪೆಟ್ರೋಲ್‌ಗೆ 40 ಎಂಎಲ್ 2ಟಿ ಆಯಿಲ್ ಹಾಕುತ್ತಿದ್ದೆ. ನಿಮ್ಮ ಅಳತೆ ಎಷ್ಟೆಂದು ಕೊಳ್ಳುವವರಿಗೆ ಬರೆದುಕೊಡಿ.

ಮಾರಲೆಂದೇ ಹೊಸ ಪೇಂಟ್ ಹೊಡೆಸಬೇಡಿ. ಪಳಪಳ ಹೊಳೆಯುವ ಟ್ಯಾಂಕ್ ನೋಡಿದರೆ ಅಡಿಯಲ್ಲಿ ಎಷ್ಟು ಪುಟ್ಟಿ ಇದೆಯೋ ಅನ್ನಿಸುತ್ತದೆ, ಅಲ್ವಾ?

ಬೆಲೆ, ಜಾಹೀರಾತು

ಖರ್ಚಿನ ಬಿಲ್ಲುಗಳನ್ನು ಕೂಡಿಸಿ ಬೆಲೆ ಕಟ್ಟಿದರೆ ಬೈಕ್ ನಿಮ್ಮಲ್ಲೇ ಉಳಿಯುತ್ತದೆ. ಅದೇ ವರ್ಷದ, ಅದೇ ಮಾಡೆಲಿನ ನಾಲ್ಕೈದು ಬೈಕು ನಿಜಕ್ಕೂ ಎಷ್ಟಕ್ಕೆ ಹೋದವು ವಿಚಾರಿಸಿ. ಹೇಳುವ ಬೆಲೆಯೇ ಬೇರೆ, ಹೋಗುವ ಬೆಲೆಯೇ ಬೇರೆ. ಜುಲೈ ಎರಡನೇ ಭಾನುವಾರ ಜಾವಾ ದಿನ, ಜಾವಾ, ಯೆಜ್ಡಿ ಇರುವವರು ಒಂದೆಡೆ ಸೇರುತ್ತಾರೆ. ಅಲ್ಲಿಗೆ ಬರುವವರನ್ನು ಕೇಳಿದರೆ ಸರಿಯಾದ ಅಂದಾಜು ಸಿಗುತ್ತದೆ. ಫೋಟೊದಲ್ಲಿ ತುಕ್ಕು, ನೆಗ್ಗು ಎಲ್ಲ ತೋರಿಸಿ. ಸುಮ್ನೆ ಬಂದು ನೋಡಿ ಹೋಗುವವರು ಕಡಿಮೆಯಾಗುತ್ತಾರೆ.

ಟೆಸ್ಟ್ ರೈಡ್

ಲೈಸೆನ್ಸ್ ನೋಡಿಯೇ ಕೀ ಕೊಡಿ. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್, ಒಳಕ್ಕೆ ಒತ್ತಿ ಮೇಲೆತ್ತಬೇಕು. ಗೊತ್ತಿಲ್ಲದವರು ಅದನ್ನು ಹಿಂಸಿಸಿಬಿಡುತ್ತಾರೆ. ಮೊದಲ ಸುತ್ತು ನೀವೇ ಓಡಿಸಿ, ಅವರನ್ನು ಹಿಂದೆ ಕೂರಿಸಿಕೊಳ್ಳಿ.

ಕೈ ಬದಲಾಗುವ ದಿನ

ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಆಗಬೇಕು. ಕೊಳ್ಳುವವರು ಬೇರೆ ಆರ್‌ಟಿಒ ವ್ಯಾಪ್ತಿಯವರಾದರೆ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ಫಾರಂ 28. ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಹೆಸರು ಬದಲಾಗುವವರೆಗೆ ದಾಖಲೆಯಲ್ಲಿ ಮಾಲೀಕರು ನೀವೇ. ನಾಳೆ ಅಪಘಾತವಾದರೆ ನೋಟಿಸ್ ಬರುವುದೂ ನಿಮ್ಮ ಮನೆಗೇ. ಡೆಲಿವರಿ ಕಾಗದದಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿ. ಹಣ ಖಾತೆಗೆ ಬಂದ ಮೇಲೆಯೇ ಕೀ.

ಬಿಚ್ಚಿ ತೆಗೆದಿಟ್ಟ ಹಳೇ ಸಾಮಾನನ್ನು ಗುಜರಿಗೆ ಹಾಕಬೇಡಿ. ನನ್ನ ಬೈಕಿಗೆ ಬೇರೆ ಕಾರ್ಬ್ಯುರೇಟರ್ ಕೂರಿಸಿದ್ದೆ. ಮೂಲದ ಜಿಕೋವ್ ಕಂಪನಿಯ ಕಾರ್ಬ್ಯುರೇಟರನ್ನು ಬಿಸ್ಕತ್ತಿನ ಡಬ್ಬದಲ್ಲಿ ಎತ್ತಿಟ್ಟಿದ್ದೆ. ಚೌಕಾಸಿ ಮಾಡುತ್ತಿದ್ದವರು ಆ ಡಬ್ಬದ ಮುಚ್ಚಳ ತೆಗೆದು ನೋಡಿದರು. ಆಮೇಲೆ ಬೆಲೆಯ ಮಾತೇ ಎತ್ತಲಿಲ್ಲ.